ನೀಹಾರಿಕೆಯ ಚಿತ್ರ ಕೆಟ್ಟಿತೇ? ಮೊದಲು ನಕ್ಷತ್ರವನ್ನು ಓದಿ: ತಾರಸಿಯ ದೂರದರ್ಶಕಕ್ಕೆ ದೋಷ ನಿವಾರಣೆ ಕೈಪಿಡಿ

ತುಮಕೂರಿನ ನಮ್ಮ ಮನೆಯ ತಾರಸಿಯಿಂದ ಮಹಾವ್ಯಾಧ ಪುಂಜದ ದೊಡ್ಡ ನೀಹಾರಿಕೆಯನ್ನು, ಅಂದರೆ ಎಂ42ನ್ನು, ಮೊದಲ ಸಲ ಎರಡು ನಿಮಿಷದ ಎಕ್ಸ್‌ಪೋಷರ್ ಕೊಟ್ಟು ತೆಗೆದಾಗ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಂಡಿತ್ತು. ಕೆಳಗಿಳಿದು ಬಂದು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದೆ. ಸಾಸಿವೆ ಕಾಳಿನಂತೆ ದುಂಡಗಿರಬೇಕಾದ ನಕ್ಷತ್ರಗಳೆಲ್ಲ ಜೀರಿಗೆಯಂತೆ ಉದ್ದುದ್ದವಾಗಿದ್ದವು. ಮರುದಿನ ದೂರದರ್ಶಕದ ಕನ್ನಡಿಯ ತಿರುಪುಗಳನ್ನು ತಿರುಗಿಸಿದೆ. ಅದರ ಮರುದಿನ, ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ ಚಿತ್ರವನ್ನು ಚೂಪು ಮಾಡುವ ಫೋಕಸರ್ ಬಿಚ್ಚಿದೆ. ಆಮೇಲೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ನ ಹಲ್ಲುಗಾಲಿಗೂ ಕೈಹಾಕಿದೆ. ಮೂರು ವಾರ ಕಳೆದರೂ ಜೀರಿಗೆ ಜೀರಿಗೆಯಾಗಿಯೇ ಉಳಿದಿತ್ತು. ಜೊತೆಗೆ, ಮೊದಲಿಲ್ಲದ ಎರಡು ಹೊಸ ದೋಷಗಳು ಬಂದು ಸೇರಿದ್ದವು.

ಕೊನೆಗೆ ಗೊತ್ತಾದದ್ದು ಇಷ್ಟು. ದೋಷ ಎಲ್ಲಿದೆ ಎಂಬುದು ಮೊದಲ ರಾತ್ರಿಯ ಚಿತ್ರದಲ್ಲೇ ಬರೆದಿತ್ತು, ಅದನ್ನು ನಾನು ಓದಿರಲಿಲ್ಲ. ನೀಹಾರಿಕೆ ಹೊಗೆಯಂಥ ವಸ್ತು. ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಯಾರೂ ಹೇಳಲಾರರು, ಹಾಗಾಗಿ ಅದು ಮಸುಕಾದರೂ ಅಲುಗಿದರೂ ಕಾರಣ ತಿಳಿಯುವುದಿಲ್ಲ. ನಕ್ಷತ್ರ ಮಾತ್ರ ಒಂದು ಚುಕ್ಕಿ. ಚುಕ್ಕಿ ಚುಕ್ಕಿಯಾಗಿ ಬರದಿದ್ದರೆ ಅದು ಯಾವ ರೀತಿ ಕೆಟ್ಟಿದೆ ಎನ್ನುವುದರಲ್ಲೇ ರೋಗದ ಹೆಸರಿರುತ್ತದೆ. ಈ ಬರಹವನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಲೆಕ್ಕಗಳು ಹೊಂದಬೇಕಲ್ಲ, ಆದ್ದರಿಂದ ನನ್ನ ಸಲಕರಣೆಯನ್ನು ಹೇಳಿಬಿಡುತ್ತೇನೆ. 150 ಮಿಲಿಮೀಟರ್ ಕನ್ನಡಿಯ, 750 ಮಿಲಿಮೀಟರ್ ನಾಭಿದೂರದ ನ್ಯೂಟೋನಿಯನ್ ದೂರದರ್ಶಕ, ಮೋಟರ್ ಇರುವ ಮಧ್ಯಮ ಗಾತ್ರದ ಈಕ್ವಟೋರಿಯಲ್ ಮೌಂಟ್, 4.3 ಮೈಕ್ರಾನ್ ಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ. ಪಿಕ್ಸೆಲ್ ಗಾತ್ರವನ್ನು 206ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ಹಿಡಿಯುತ್ತದೆ ಎಂದು ಸಿಗುತ್ತದೆ. ನನ್ನದರಲ್ಲಿ ಅದು 1.18 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್). ನಿಮ್ಮದನ್ನೂ ಲೆಕ್ಕ ಹಾಕಿ ಮೌಂಟ್‌ನ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ. ಮುಂದಿನ ಪ್ರತಿಯೊಂದು ಪರೀಕ್ಷೆಗೂ ಆ ಸಂಖ್ಯೆ ಬೇಕಾಗುತ್ತದೆ.

ತಿರುಪಿಗೆ ಕೈಹಾಕುವ ಮೊದಲು

ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ದೋಷ ಹುಡುಕಬೇಡಿ. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದ ಮೇಲೆ ಎಲ್ಲರ ತಪ್ಪೂ ಕಲಸಿಹೋಗಿರುತ್ತದೆ. ಸಂಸ್ಕರಿಸದ ಒಂದು ಬಿಡಿ ಚಿತ್ರವನ್ನು ತೆರೆದು, ನೂರಕ್ಕೆ ನೂರು ಗಾತ್ರದಲ್ಲಿ ಐದು ಜಾಗ ನೋಡಿ: ನಡುಮಧ್ಯ ಮತ್ತು ನಾಲ್ಕು ಮೂಲೆ.

ಐದೂ ಕಡೆ ನಕ್ಷತ್ರಗಳು ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಎಳೆದುಕೊಂಡಿದ್ದರೆ ಎಕ್ಸ್‌ಪೋಷರ್ ನಡೆಯುತ್ತಿದ್ದಾಗ ದೂರದರ್ಶಕ ಆಕಾಶದ ಜೊತೆ ಸರಿಯಾಗಿ ಸಾಗಿಲ್ಲ ಎಂದರ್ಥ. ಕನ್ನಡಿಗೂ ಇದಕ್ಕೂ ಸಂಬಂಧವೇ ಇಲ್ಲ. ನಡುವೆ ದುಂಡಗಿದ್ದು ಮೂಲೆಗಳಲ್ಲಿ ಮಾತ್ರ ಬಾಲ ಬಂದಿದ್ದರೆ ಮೌಂಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ತೊಂದರೆ ಇರುವುದು ಗಾಜು ಮತ್ತು ಕನ್ನಡಿಯಲ್ಲಿ. ಎಲ್ಲ ಕಡೆಯೂ ದುಂಡಗೇ ಇದ್ದು, ಆದರೆ ಊದಿಕೊಂಡಂತೆ ದಪ್ಪವಾಗಿದ್ದರೆ ಫೋಕಸ್, ಇಬ್ಬನಿ ಅಥವಾ ಗಾಳಿಯ ನಡುಕ. ನಕ್ಷತ್ರಗಳು ಚೆನ್ನಾಗಿಯೇ ಇದ್ದು ನೀಹಾರಿಕೆ ಮಾತ್ರ ಕಾಣುತ್ತಿಲ್ಲವಾದರೆ ದೋಷ ಆಕಾಶದ್ದು ಅಥವಾ ಕ್ಯಾಮೆರಾದ ಒಳಗಿನ ಫಿಲ್ಟರಿನದು.

ನಾನು ಕನ್ನಡಿಯನ್ನು ತಿರುಗಿಸಿದ್ದು ಐದೂ ಕಡೆ ಒಂದೇ ದಿಕ್ಕಿನ ಜೀರಿಗೆ ಇದ್ದಾಗ. ಒಂದು ನಿಮಿಷ ಮೂಲೆಗಳನ್ನು ನೋಡಿದ್ದರೆ ಕನ್ನಡಿಯ ಗೊಡವೆಗೇ ಹೋಗುತ್ತಿರಲಿಲ್ಲ.

ಇನ್ನೊಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಗಂಟೆ ಸಮೇತ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಯಾವ ಬೋಲ್ಟನ್ನು ಎಷ್ಟು ಸುತ್ತು ತಿರುಗಿಸಿದಿರಿ ಎಂಬುದು ಬೆಳಿಗ್ಗೆ ನೆನಪಿರುವುದಿಲ್ಲ.

ಎಲ್ಲ ಕಡೆಯೂ ಜೀರಿಗೆ: ಯಾವ ದಿಕ್ಕಿಗೆ?

ಈಗ ತಿಳಿಯಬೇಕಾದದ್ದು, ನಕ್ಷತ್ರ ಪೂರ್ವ ಪಶ್ಚಿಮವಾಗಿ ಎಳೆದುಕೊಂಡಿದೆಯೋ ಉತ್ತರ ದಕ್ಷಿಣವಾಗಿಯೋ ಎಂಬುದು. ಕ್ಯಾಮೆರಾವನ್ನು ಹೇಗೆಂದರೆ ಹಾಗೆ ತಿರುಗಿಸಿ ಕೂರಿಸಿರುವುದರಿಂದ ಚಿತ್ರದ ಅಡ್ಡ ಉದ್ದಗಳಿಗೂ ಆಕಾಶದ ದಿಕ್ಕುಗಳಿಗೂ ತಾಳೆಯಿರುವುದಿಲ್ಲ. ಅದಕ್ಕೊಂದು ಸುಲಭದ ಉಪಾಯವಿದೆ. ಏನನ್ನೂ ಅಲುಗಿಸದೆ 20 ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಮೊದಲ 10 ಸೆಕೆಂಡ್ ಮೌಂಟ್ ತನ್ನ ಪಾಡಿಗೆ ಓಡಲಿ. ಉಳಿದ 10 ಸೆಕೆಂಡ್ ನಿಯಂತ್ರಕದ ಪೂರ್ವದ ಗುಂಡಿಯನ್ನು ಅತಿ ನಿಧಾನದ ವೇಗದಲ್ಲಿ ಒತ್ತಿ ಹಿಡಿಯಿರಿ. ಚಿತ್ರದಲ್ಲಿ ಪ್ರತಿ ನಕ್ಷತ್ರವೂ ಒಂದು ಚುಕ್ಕಿ ಮತ್ತು ಅದಕ್ಕಂಟಿದ ಬಾಲವಾಗಿ ಬರುತ್ತದೆ. ಆ ಬಾಲದ ದಿಕ್ಕೇ ಪೂರ್ವ ಪಶ್ಚಿಮ. ನಿಮ್ಮ ಕೆಟ್ಟ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿ.

ಜೀರಿಗೆ ಬಾಲಕ್ಕೆ ಅಡ್ಡವಾಗಿದ್ದರೆ, ಅಂದರೆ ಉತ್ತರ ದಕ್ಷಿಣವಾಗಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಮೌಂಟ್‌ನ ಧ್ರುವಾಕ್ಷ, ಅಂದರೆ ಆಕಾಶದ ಧ್ರುವಬಿಂದುವಿನತ್ತ ಮುಖ ಮಾಡಿರಬೇಕಾದ ತಿರುಗುವ ಅಕ್ಷ, ಸರಿಯಾಗಿ ಕೂತಿಲ್ಲ. ಬಾಲದ ಉದ್ದಕ್ಕೇ ಇದ್ದರೆ ಹಲ್ಲುಗಾಲಿ, ಮೋಟರ್, ತೂಕದ ಸಮತೋಲ ಇವುಗಳ ಕಡೆ ನೋಡಬೇಕು. ಓರೆಯಾಗಿದ್ದರೆ ಎರಡೂ ಇವೆ. ನನ್ನದು ಓರೆಯಾಗಿತ್ತು.

ಒಂದೇ ಚಿತ್ರದಿಂದ ತೀರ್ಮಾನಕ್ಕೆ ಬರುವುದು ಬೇಡ. 30 ಸೆಕೆಂಡಿನ 20 ಚಿತ್ರಗಳನ್ನು ಬಿಡುವಿಲ್ಲದೆ ತೆಗೆದು ಸಾಲಾಗಿ ನೋಡಿ. ಇಪ್ಪತ್ತೂ ಒಂದೇ ತೆರನಾಗಿ ಕೆಟ್ಟಿದ್ದರೆ ದೋಷ ನಿರಂತರವಾದದ್ದು: ಧ್ರುವಾಕ್ಷ ತಪ್ಪಿದೆ, ಇಲ್ಲವೇ ಏನೋ ಜೋತುಬೀಳುತ್ತಿದೆ. ಕೆಲವು ದುಂಡಗೆ, ಕೆಲವು ಉದ್ದಗೆ, ಮತ್ತೆ ದುಂಡಗೆ ಎಂದು ಬಂದರೆ ಹಲ್ಲುಗಾಲಿಯ ಆವರ್ತನ. ಒಂದು ಚಿತ್ರದಲ್ಲಿ ಮಾತ್ರ ನಕ್ಷತ್ರ ಎರಡೆರಡಾಗಿ ಬಂದಿದ್ದರೆ ಯಾರೋ ತಾರಸಿಯ ಮೇಲೆ ನಡೆದಿದ್ದಾರೆ, ಕೇಬಲ್ ಎಲ್ಲೋ ಸಿಕ್ಕಿಕೊಂಡು ಬಿಟ್ಟಿದೆ ಅಥವಾ ಗಾಳಿ ತಳ್ಳಿದೆ. ಕೇಬಲ್‌ಗಳನ್ನು ಟ್ಯೂಬಿಗೆ ಕಟ್ಟಿ, ನೇತಾಡಲು ಬಿಡಬೇಡಿ. ಕಾಂಕ್ರೀಟ್ ತಾರಸಿ ಗಟ್ಟಿ ನೆಲದಂತೆ ತೋರಿದರೂ ಕಂಬಗಳ ನಡುವಿನ ಭಾಗ ಕಾಲಿಟ್ಟಾಗಲೆಲ್ಲ ಕಂಪಿಸುತ್ತದೆ. ಟ್ರೈಪಾಡ್ ಅನ್ನು ಕೆಳಗೆ ಕಂಬ ಅಥವಾ ಗೋಡೆ ಇರುವ ಜಾಗದ ಮೇಲೆ ಇಡಿ.

13 ಡಿಗ್ರಿಯ ತೊಂದರೆ

ಈ ಭಾಗವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಹೊರದೇಶದವರು ಬರೆದ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ನಿಮ್ಮ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಲಂಡನ್ನಿನಲ್ಲಿ ಅದು 51 ಡಿಗ್ರಿ ಎತ್ತರದಲ್ಲಿರುತ್ತದೆ. ಬೀದರಿನಲ್ಲಿ 18, ತುಮಕೂರಿನಲ್ಲಿ 13, ಮೈಸೂರಿನಲ್ಲಿ 12. ಕೈಯನ್ನು ನೇರ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ನಮ್ಮ ಧ್ರುವ ನಕ್ಷತ್ರ ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಆ ಎತ್ತರದಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕ್ ಇರುತ್ತದೆ, ತೆಂಗಿನ ಗರಿ ಇರುತ್ತದೆ, ಊರಿನ ದೂಳು ಮತ್ತು ಬೆಳಕಿನ ಪೊರೆ ಇರುತ್ತದೆ. ನಮ್ಮ ತಾರಸಿಯಿಂದ ವರ್ಷದ ಬಹುತೇಕ ರಾತ್ರಿ ಅದು ಕಾಣುವುದೇ ಇಲ್ಲ.

ಕಂಡರೂ ಅದರ ಕಡೆಗೆ ಸುಮ್ಮನೆ ಗುರಿಯಿಟ್ಟರೆ ಸಾಲದು. ಧ್ರುವ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಸುಮಾರು 37 ಆರ್ಕ್‌ಮಿನಿಟ್ ಆಚೆಗಿದೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಹೆಚ್ಚು. ಧ್ರುವಾಕ್ಷ ಒಂದು ಆರ್ಕ್‌ಮಿನಿಟ್ ತಪ್ಪಿದರೆ ಖಗೋಳ ಸಮಭಾಜಕದ (ಭೂಮಿಯ ಸಮಭಾಜಕಕ್ಕೆ ನೇರ ಮೇಲೆ ಆಕಾಶದಲ್ಲಿರುವ ರೇಖೆ) ಬಳಿಯ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜರುಗುತ್ತದೆ. 37 ತಪ್ಪಿದರೆ ನಿಮಿಷಕ್ಕೆ ಸುಮಾರು 10. ಎರಡು ನಿಮಿಷದ ಚಿತ್ರದಲ್ಲಿ ನನ್ನ ಕ್ಯಾಮೆರಾದಲ್ಲಿ ಅದು 16 ಪಿಕ್ಸೆಲ್ ಉದ್ದದ ಗೆರೆ. ಎಂ42 ಸಮಭಾಜಕದಿಂದ ಕೇವಲ ಐದೂವರೆ ಡಿಗ್ರಿ ದಕ್ಷಿಣದಲ್ಲಿರುವುದರಿಂದ ಈ ತಪ್ಪಿನ ಪೂರ್ತಿ ಪೆಟ್ಟು ಅದಕ್ಕೇ ಬೀಳುತ್ತದೆ. ಎರಡು ನಿಮಿಷಕ್ಕೆ ಎರಡು ಪಿಕ್ಸೆಲ್ ಒಳಗೆ ಇರಬೇಕಾದರೆ ನನ್ನ ಧ್ರುವಾಕ್ಷ ನಾಲ್ಕು ಆರ್ಕ್‌ಮಿನಿಟ್ ಒಳಗೆ ಕೂರಬೇಕು.

ಧ್ರುವ ಕಾಣದ ತಾರಸಿಯಲ್ಲಿ ಇದನ್ನು ಸಾಧಿಸಲು ಹಳೆಯ, ನಂಬಿಕಸ್ಥ ದಾರಿ ನಕ್ಷತ್ರದ ಜರುಗುವಿಕೆಯನ್ನೇ ನೋಡಿ ತಿದ್ದುವುದು. ನೆತ್ತಿಯ ಮೇಲಿನಿಂದ ಉತ್ತರ ದಕ್ಷಿಣವಾಗಿ ಹಾದುಹೋಗುವ ರೇಖೆಯ ಬಳಿ, ಸಮಭಾಜಕಕ್ಕೆ ಹತ್ತಿರವಿರುವ ಒಂದು ನಕ್ಷತ್ರವನ್ನು ಹಿಡಿಯಿರಿ. ಐದು ನಿಮಿಷ ಕಾದು ನೋಡಿ. ಅದು ದಕ್ಷಿಣಕ್ಕೆ ಜರುಗಿದರೆ ಧ್ರುವಾಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಜರುಗಿದರೆ ಪಶ್ಚಿಮಕ್ಕೆ. ಮೌಂಟ್‌ನ ಅಡ್ಡ ತಿರುಪುಗಳಿಂದ ತಿದ್ದಿ. ಆಮೇಲೆ ಪೂರ್ವ ದಿಗಂತದ ಕಡೆಯ ನಕ್ಷತ್ರವೊಂದನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಜರುಗಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಎರಡನ್ನೂ ಎರಡು ಮೂರು ಸುತ್ತು ಮಾಡಿದರೆ ಸಾಕಷ್ಟು ಹತ್ತಿರ ಬರುತ್ತೀರಿ. ಲ್ಯಾಪ್‌ಟಾಪ್ ಇದ್ದವರಿಗೆ ದಾರಿ ಇನ್ನೂ ಸಲೀಸು. ನೀನಾ ಎಂಬ ಉಚಿತ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಮೂರು ಬಿಂದುಗಳ ಸೌಲಭ್ಯ, ಆಕಾಶದ ಯಾವ ಭಾಗ ತೆರೆದಿದೆಯೋ ಅಲ್ಲೇ ಮೂರು ಚಿತ್ರ ತೆಗೆದು, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ.

ಮೊಬೈಲಿನ ದಿಕ್ಸೂಚಿಯನ್ನು ನಂಬಿ ಉತ್ತರವನ್ನು ನಿಗದಿ ಮಾಡಬೇಡಿ. ಮುಂದೆ ಮಹಡಿ ಕಟ್ಟಲೆಂದು ನಮ್ಮ ತಾರಸಿಗಳ ಮೂಲೆಮೂಲೆಯಲ್ಲಿ ಬಿಟ್ಟಿರುವ ಕಬ್ಬಿಣದ ಕಂಬಿಗಳು ಅದನ್ನು ಹಲವು ಡಿಗ್ರಿ ಎಳೆಯುತ್ತವೆ.

ಇನ್ನು ನನ್ನನ್ನು ಮೂರು ವಾರ ಕಾಡಿದ ವಿಷಯಕ್ಕೆ ಬರುತ್ತೇನೆ. ನಾನು ಅಕ್ಷವನ್ನು ಹೊಂದಿಸುತ್ತಿದ್ದದ್ದು ಮೌಂಟ್ ಖಾಲಿ ಇದ್ದಾಗ. ಹೊಂದಿಸಿ ಮುಗಿದ ಮೇಲೆ ಟ್ಯೂಬ್, ಕ್ಯಾಮೆರಾ, ಎದುರುತೂಕ ಎಲ್ಲವನ್ನೂ ಏರಿಸುತ್ತಿದ್ದೆ. 50 ಡಿಗ್ರಿಯಲ್ಲಿ ಮೌಂಟ್‌ನ ತಲೆ ನೆಟ್ಟಗೆ ನಿಂತಿರುತ್ತದೆ. 13 ಡಿಗ್ರಿಯಲ್ಲಿ ಅದು ಹೆಚ್ಚುಕಡಿಮೆ ಮಲಗಿಬಿಡುತ್ತದೆ, ಹೊರೆಯೆಲ್ಲ ಟ್ರೈಪಾಡಿನ ನಡುವಿನಿಂದ ಉತ್ತರಕ್ಕೆ ಹೊರಚಾಚಿ ನಿಲ್ಲುತ್ತದೆ. ಎತ್ತರ ತಿದ್ದುವ ಎರಡು ಬೋಲ್ಟುಗಳಲ್ಲಿ ಒಂದರ ಮೇಲೆಯೇ ಪೂರ್ತಿ ಭಾರ ಬೀಳುತ್ತದೆ, ಇನ್ನೊಂದು ಸುಮ್ಮನೆ ತಾಗಿಕೊಂಡಿರುತ್ತದೆ. ಏಳು ಕಿಲೋ ಏರಿಸಿದ ಕ್ಷಣವೇ ಅಕ್ಷ ತಗ್ಗುತ್ತಿತ್ತು. ಪೂರ್ವದ ನಕ್ಷತ್ರ ದಕ್ಷಿಣಕ್ಕೆ ಜರುಗುತ್ತಿದ್ದುದು ಅದಕ್ಕೇ. ಒಂದು ರಾತ್ರಿ ಬೋಲ್ಟಿನ ತಲೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಮೌಂಟ್‌ನ ಮೈಮೇಲೂ ಅದಕ್ಕೆ ಸರಿಯಾಗಿ ಗೆರೆ ಎಳೆದೆ. ಎರಡು ಗಂಟೆಯ ನಂತರ ಟಾರ್ಚ್ ಹಿಡಿದು ನೋಡಿದರೆ ಎರಡು ಗೆರೆಗಳ ನಡುವೆ ಅಕ್ಕಿ ಕಾಳಿನಷ್ಟು ಅಂತರವಿತ್ತು. ಭಾರಕ್ಕೆ ಬೋಲ್ಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು.

ಪರಿಹಾರ ಇಷ್ಟೇ. ಎಲ್ಲ ಹೊರೆಯನ್ನೂ ಏರಿಸಿದ ಮೇಲೆಯೇ ಅಕ್ಷ ಹೊಂದಿಸಿ. ಕೊನೆಯ ತಿದ್ದುಪಡಿ ಯಾವಾಗಲೂ ಅಕ್ಷವನ್ನು ಮೇಲಕ್ಕೆತ್ತುವ ಕಡೆಗಿರಲಿ. ಹೆಚ್ಚಾಗಿ ಎತ್ತಿದ್ದರೆ ಮೊದಲು ಬೇಕಾದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಮೇಲಕ್ಕೆ ತನ್ನಿ. ಆಗ ಬೋಲ್ಟಿನ ಎಳೆಗಳಲ್ಲಿ ಸಡಿಲ ಉಳಿಯುವುದಿಲ್ಲ. ಎರಡನೆಯ ಬೋಲ್ಟನ್ನು ಹಿತವಾಗಿ ಬಿಗಿದು ಮೊದಲನೆಯದಕ್ಕೆ ಒತ್ತುಕೊಡಿ. ಟ್ರೈಪಾಡಿನ ಒಂದು ಕಾಲು ನೇರ ಉತ್ತರಕ್ಕಿದ್ದರೆ ಇಡೀ ವ್ಯವಸ್ಥೆ ಮುಗ್ಗರಿಸುವುದಿಲ್ಲ. ಆದರೆ ಕಡಿಮೆ ಅಕ್ಷಾಂಶದಲ್ಲಿ ಎದುರುತೂಕದ ಸರಳು ಆ ಕಾಲಿಗೇ ಬಡಿಯುವ ಸಂಭವವಿದೆ. ಮೋಟರ್ ಓಡಿಸುವ ಮೊದಲು ಕೈಯಿಂದ ಪೂರ್ತಿ ತಿರುಗಿಸಿ ನೋಡಿಕೊಳ್ಳಿ. ಬಡಿಯುವುದಾದರೆ ಮೌಂಟ್‌ನ ತಲೆಗೂ ಟ್ರೈಪಾಡಿಗೂ ನಡುವೆ ಒಂದು ಗಿಡ್ಡ ಕಂಬ ಹಾಕಿಸಬೇಕು. ಲೇತ್ ಇರುವ ಯಾವುದೇ ವರ್ಕ್‌ಶಾಪಿನಲ್ಲಿ ಅದನ್ನು ಮಾಡಿಕೊಡುತ್ತಾರೆ.

ಒಂದು ನಕ್ಷತ್ರವನ್ನು ಸದಾ ನೋಡುತ್ತಾ ಮೌಂಟ್‌ನ ಓಟವನ್ನು ತಿದ್ದುವ ಗೈಡ್ ಕ್ಯಾಮೆರಾ ಇದ್ದರೆ ಧ್ರುವಾಕ್ಷದ ಗೊಡವೆ ಬೇಡ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೈಡಿಂಗ್ ಒಂದು ನಕ್ಷತ್ರವನ್ನು ಅಲುಗದಂತೆ ಹಿಡಿದಿಡುತ್ತದೆ, ಆದರೆ ಅಕ್ಷ ತಪ್ಪಿದ್ದರೆ ಉಳಿದ ಆಕಾಶ ಆ ನಕ್ಷತ್ರದ ಸುತ್ತ ನಿಧಾನವಾಗಿ ತಿರುಗುತ್ತದೆ. ಚಿತ್ರದ ಒಂದು ಬದಿಯಲ್ಲಿ ಚುಕ್ಕಿ, ಇನ್ನೊಂದು ಬದಿಯಲ್ಲಿ ಚಿಕ್ಕ ಕಮಾನು ಕಂಡರೆ ಅದೇ ಕಾರಣ.

ಹತ್ತು ನಿಮಿಷಕ್ಕೊಮ್ಮೆ ಬರುವ ಅಲೆ

ಧ್ರುವಾಕ್ಷ ಸರಿಯಾದ ಮೇಲೆ ನನ್ನ ಜೀರಿಗೆಯ ಓರೆ ಹೋಗಿ, ಪೂರ್ವ ಪಶ್ಚಿಮದ ಉದ್ದ ಮಾತ್ರ ಉಳಿಯಿತು. ಅದೂ ಎಲ್ಲ ಚಿತ್ರಗಳಲ್ಲಿಲ್ಲ. 20ರಲ್ಲಿ ಆರೇಳು ದುಂಡಗಿದ್ದವು.

ಮೌಂಟ್‌ನ ಒಳಗೆ ದೊಡ್ಡ ಹಲ್ಲುಗಾಲಿಯೊಂದನ್ನು ಸುರುಳಿ ಹಲ್ಲಿನ ದಂಡವೊಂದು ತಿರುಗಿಸುತ್ತದೆ, ಅದನ್ನು ವರ್ಮ್ ಎನ್ನುತ್ತಾರೆ. ಭೂಮಿ ನಕ್ಷತ್ರಗಳಿಗೆ ಹೋಲಿಸಿದಂತೆ ಒಂದು ಸುತ್ತು ಬರಲು 23 ಗಂಟೆ 56 ನಿಮಿಷ 4 ಸೆಕೆಂಡ್ ಬೇಕು. ನನ್ನ ಮೌಂಟ್‌ನ ಗಾಲಿಯಲ್ಲಿ 144 ಹಲ್ಲುಗಳಿವೆ. ಭಾಗಿಸಿದರೆ ವರ್ಮ್‌ನ ಒಂದು ಸುತ್ತಿಗೆ 598 ಸೆಕೆಂಡ್, ಹತ್ತು ನಿಮಿಷಕ್ಕೆ ಎರಡು ಸೆಕೆಂಡ್ ಕಡಿಮೆ. ವರ್ಮ್‌ನ ಕೊರೆತ ಎಳ್ಳಷ್ಟು ಓರೆಯಾಗಿದ್ದರೂ ದೂರದರ್ಶಕ ಐದು ನಿಮಿಷ ಮುಂದೋಡಿ ಐದು ನಿಮಿಷ ಹಿಂದುಳಿಯುತ್ತದೆ.

ಇದನ್ನು ಕಣ್ಣಾರೆ ನೋಡುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಮೌಂಟ್ ಅನ್ನು ಬೇಕೆಂದೇ ಪೂರ್ವಕ್ಕೋ ಪಶ್ಚಿಮಕ್ಕೋ ಒಂದು ಡಿಗ್ರಿಯಷ್ಟು ತಿರುಗಿಸಿ. ನೆತ್ತಿಯ ರೇಖೆಯ ಬಳಿ, ಸಮಭಾಜಕದ ಹತ್ತಿರದ ನಕ್ಷತ್ರವೊಂದನ್ನು ಹಿಡಿದು 30 ಸೆಕೆಂಡಿನ 24 ಚಿತ್ರಗಳನ್ನು ತೆಗೆದು, ಜರುಗಿಸದೆ ಒಂದರ ಮೇಲೊಂದು ಇಡಿ; ಪ್ರತಿ ಜಾಗದಲ್ಲೂ ಹೆಚ್ಚು ಬೆಳಗಿದ ಪಿಕ್ಸೆಲ್ ಮಾತ್ರ ಉಳಿಯಲಿ. ತಪ್ಪಿದ ಅಕ್ಷದಿಂದ ನಕ್ಷತ್ರ ಉತ್ತರ ದಕ್ಷಿಣವಾಗಿ ಒಂದೇ ಸಮನೆ ಸರಿಯುತ್ತಾ ಹೋಗುತ್ತದೆ, ವರ್ಮ್‌ನ ದೋಷ ಅದನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ. ಎರಡೂ ಸೇರಿ ಚಿತ್ರದಲ್ಲಿ ಹಾವು ಹರಿದಂಥ ಒಂದು ಗೆರೆ ಮೂಡುತ್ತದೆ. ನಾನು ಅಳೆದಾಗ ಆ ಗೆರೆಯ ಎಡ ಬಾಗಿನಿಂದ ಬಲ ಬಾಗಿಗೆ ತೂಗಾಟ 29 ಪಿಕ್ಸೆಲ್ ಇತ್ತು, ಅಂದರೆ 34 ಆರ್ಕ್‌ಸೆಕೆಂಡ್. ಬಾಗು ನಯವಾಗಿತ್ತು. ನಯವಾದ ಬಾಗು ಒಳ್ಳೆಯ ಸುದ್ದಿ, ಏಕೆಂದರೆ ಗೈಡಿಂಗ್ ಅದನ್ನು ಸುಲಭವಾಗಿ ತಿದ್ದಬಲ್ಲದು. ಗೆರೆಯಲ್ಲಿ ಚೂಪಾದ ಮುರಿತಗಳಿದ್ದರೆ ಹಲ್ಲಿನಲ್ಲಿ ಕಸ ಅಥವಾ ಗಟ್ಟಿಯಾದ ಗ್ರೀಸ್ ಸೇರಿದೆ; ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತೆಳ್ಳಗೆ ಹಚ್ಚಬೇಕು. ಪರೀಕ್ಷೆ ಮುಗಿದ ಮೇಲೆ ಮೌಂಟ್ ಅನ್ನು ಮರೆಯದೆ ಮೊದಲಿನ ಜಾಗಕ್ಕೆ ತಿರುಗಿಸಿ, ಅಕ್ಷವನ್ನು ಇನ್ನೊಮ್ಮೆ ಹೊಂದಿಸಿ.

ಗೈಡ್ ಕ್ಯಾಮೆರಾ ಇಲ್ಲದವರು ನಿರಾಶರಾಗಬೇಕಿಲ್ಲ. ಅಲೆಯ ಎರಡು ತುದಿಗಳಲ್ಲಿ ದೂರದರ್ಶಕ ದಿಕ್ಕು ಬದಲಿಸುವ ಹೊತ್ತಿಗೆ ಕೆಲವು ಕ್ಷಣ ಹೆಚ್ಚುಕಡಿಮೆ ತಪ್ಪಿಲ್ಲದೆ ಓಡುತ್ತದೆ. ಆಗಿನ ಚಿತ್ರಗಳೇ ಆ ಆರೇಳು. ಅವನ್ನಷ್ಟೇ ಆರಿಸಿಕೊಂಡು ಉಳಿದವನ್ನು ಬಿಟ್ಟರೂ ಎಂ42ರಂಥ ಪ್ರಕಾಶಮಾನ ನೀಹಾರಿಕೆ ಚೆನ್ನಾಗಿಯೇ ಬರುತ್ತದೆ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಗೆ 51 ನಿಮಿಷ ಎಕ್ಸ್‌ಪೋಷರ್ ಕೊಟ್ಟು ಜಗತ್ತಿನ ಮೊದಲ ನೀಹಾರಿಕೆಯ ಛಾಯಾಚಿತ್ರ ತೆಗೆದದ್ದು ಗಡಿಯಾರದ ಯಂತ್ರ ಓಡಿಸುವ ದೂರದರ್ಶಕದಿಂದ. ಆ 51 ನಿಮಿಷಗಳನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದೇ ದಿಕ್ಕಿನಲ್ಲಿ ಇನ್ನೆರಡು ಸಣ್ಣ ಕಾರಣಗಳಿವೆ. ತೂಕ ಪೂರ್ತಿ ಸಮವಾಗಿದ್ದರೆ ಹಲ್ಲುಗಳ ನಡುವೆ ಗಾಲಿ ತೇಲಾಡುತ್ತದೆ. ಪೂರ್ವದ ಕಡೆಗೆ ತುಸು ಭಾರ ಇರಲಿ, ಹಲ್ಲು ಹಲ್ಲಿಗೆ ಒತ್ತಿಕೊಂಡಿರುತ್ತದೆ. ಮೋಟರ್‌ಗೆ ಕೆಳಗಿನ ಮನೆಯಿಂದ ತೆಳುವಾದ ಉದ್ದನೆಯ ವೈರಿನಲ್ಲಿ 12 ವೋಲ್ಟ್ ಎಳೆದಿದ್ದರೆ ಮೇಲೆ ಬರುವಷ್ಟರಲ್ಲಿ ಅದು ಇಳಿದಿರುತ್ತದೆ. ಮೀಟರ್ ಹಿಡಿದು, ಮೋಟರ್ ಓಡುತ್ತಿರುವಾಗಲೇ ಅಳೆಯಿರಿ.

ಊದಿಕೊಂಡ ನಕ್ಷತ್ರ

ಸಂಜೆ ಏಳಕ್ಕೆ ಫೋಕಸ್ ಮಾಡಿದ ಚಿತ್ರ ಚೂಪಾಗಿದ್ದು, ನಡುರಾತ್ರಿಯ ಹೊತ್ತಿಗೆ ನಕ್ಷತ್ರಗಳು ದಪ್ಪಗಾಗಿದ್ದರೆ ಕಣ್ಣಿನ ದೋಷವೆಂದು ತಿಳಿಯಬೇಡಿ. ನನ್ನದರಂಥ ಎಫ್/5 (ನಾಭಿದೂರ ಕನ್ನಡಿಯ ಅಗಲದ ಐದು ಪಟ್ಟು) ದೂರದರ್ಶಕದಲ್ಲಿ ಫೋಕಸ್ ಸರಿಯಾಗಿರುವ ಪಟ್ಟಿಯ ಒಟ್ಟು ಅಗಲ ಸುಮಾರು 67 ಮೈಕ್ರಾನ್, ಒಂದು ಕೂದಲೆಳೆಯಷ್ಟು. ಉಕ್ಕಿನ ಟ್ಯೂಬ್ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 12 ಮೈಕ್ರಾನ್ ಕುಗ್ಗುತ್ತದೆ. ಜನವರಿಯಲ್ಲಿ ಸಂಜೆ 26 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 17ಕ್ಕೆ ಇಳಿದರೆ ನನ್ನ 70 ಸೆಂಟಿಮೀಟರ್ ಟ್ಯೂಬ್ 75 ಮೈಕ್ರಾನ್ ಗಿಡ್ಡವಾಗುತ್ತದೆ. ನಾಲ್ಕು ಡಿಗ್ರಿ ಇಳಿದರೇ ಫೋಕಸ್ ಪಟ್ಟಿಯ ನಡುವಿನಿಂದ ಅಂಚಿಗೆ ಬಂದಿರುತ್ತದೆ. ಹಾಗಾಗಿ ಗಂಟೆಗೊಮ್ಮೆ ಫೋಕಸ್ ನೋಡುವುದು ಚಟವಾಗಲಿ.

ಬಾಹ್ಟಿನೋವ್ ಮುಖವಾಡ ಇದಕ್ಕೆ ಅತ್ಯುತ್ತಮ ಸಾಧನ. ಸೀಳುಗಳಿರುವ ಈ ಹಾಳೆಯನ್ನು ಟ್ಯೂಬಿನ ಬಾಯಿಗೆ ಮುಚ್ಚಿ ಲುಬ್ಧಕದಂಥ ಪ್ರಕಾಶಮಾನ ನಕ್ಷತ್ರವನ್ನು ನೋಡಿದರೆ ಮೂರು ಗೆರೆಗಳು ಕಾಣುತ್ತವೆ. ನಡುವಿನ ಗೆರೆ ಉಳಿದೆರಡು ಕೂಡುವ ಜಾಗದಲ್ಲೇ ಹಾದುಹೋದರೆ ಫೋಕಸ್ ಸರಿ. ರಟ್ಟಿನಲ್ಲಿ ಬ್ಲೇಡಿನಿಂದ ಕತ್ತರಿಸಿ ಮಾಡಿಕೊಂಡದ್ದೂ ಕೆಲಸ ಮಾಡುತ್ತದೆ. ನ್ಯೂಟೋನಿಯನ್‌ನಲ್ಲಿ ಮುಖವಾಡ ತೆಗೆದ ಮೇಲೂ ಒಂದು ಸುಳಿವು ಉಳಿಯುತ್ತದೆ: ದೊಡ್ಡ ನಕ್ಷತ್ರಗಳ ನಾಲ್ಕು ಕಿರಣಗಳು ಒಂದೊಂದೂ ಸೀಳಿ ಎರಡಾಗಿ ಕಂಡರೆ ಫೋಕಸ್ ತಪ್ಪಿದೆ.

ಫೋಕಸರ್ ಕೆಳಮುಖವಾಗಿ ಕ್ಯಾಮೆರಾ ನೇತಾಡುವಾಗ ಮಾತ್ರ ಊದಿಕೊಂಡರೆ ಕ್ಯಾಮೆರಾದ ಭಾರಕ್ಕೆ ಫೋಕಸರ್ ಜಾರುತ್ತಿದೆಯೇ ನೋಡಿ. ಬಿಗಿಯುವ ತಿರುಪನ್ನು ತಿರುಗಿಸಿದಾಗಲೇ ಫೋಕಸ್ ಸ್ವಲ್ಪ ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತರವರೆಗೂ ಬಿಸಿಯನ್ನು ಉಗುಳುತ್ತಿರುತ್ತದೆ, ಆ ಗಾಳಿಯ ನಡುಕಕ್ಕೆ ಯಾವ ತಿರುಪಿನಲ್ಲೂ ಔಷಧವಿಲ್ಲ. ಸಂಜೆ ಎರಡು ಕೊಡ ನೀರು ಚೆಲ್ಲಿದರೆ ಬೇಗ ತಣಿಯುತ್ತದೆ, ಆದರೆ ಆ ತೇವ ಮುಂದೆ ಹೇಳುವ ಇಬ್ಬನಿಗೆ ದಾರಿಯಾಗುತ್ತದೆ. ನಾನು ನೀರು ಚೆಲ್ಲುವುದಿಲ್ಲ, ಕಾಯುತ್ತೇನೆ.

ಮೂಲೆಗಳಲ್ಲಿ ಮಾತ್ರ ಬಾಲ

ನಾಲ್ಕು ಮೂಲೆಗಳಲ್ಲೂ ಬಾಲಗಳು ನಡುವಿನಿಂದ ಹೊರಕ್ಕೆ ಚಿಮ್ಮಿದಂತಿದ್ದರೆ ಅದು ಕೋಮಾ, ನ್ಯೂಟೋನಿಯನ್ ಕನ್ನಡಿಯ ಹುಟ್ಟುಗುಣ. ಅದಕ್ಕೆ ಕೋಮಾ ಕರೆಕ್ಟರ್ ಎಂಬ ಮಸೂರವೇ ಬೇಕು. ಕರೆಕ್ಟರ್ ಹಾಕಿಯೂ ಬಾಲ ಉಳಿದರೆ ಅಂತರ ಅಳೆಯಿರಿ. ಅವುಗಳಲ್ಲಿ ಬಹುತೇಕಕ್ಕೆ ಸೆನ್ಸರ್ 55 ಮಿಲಿಮೀಟರ್ ದೂರದಲ್ಲಿರಬೇಕು, ನಡುವೆ ಒಂದು ಫಿಲ್ಟರ್ ಸೇರಿಸಿದರೂ ಲೆಕ್ಕ ಬದಲಾಗುತ್ತದೆ.

ಒಂದೇ ಮೂಲೆ ಕೆಟ್ಟಿದ್ದರೆ ಏನೋ ವಾಲಿದೆ. ಕ್ಯಾಮೆರಾವನ್ನು ಫೋಕಸರಿನಲ್ಲಿ 90 ಡಿಗ್ರಿ ತಿರುಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಚಿತ್ರದ ಅದೇ ಮೂಲೆ ಮತ್ತೆ ಕೆಟ್ಟಿದ್ದರೆ ವಾಲಿರುವುದು ಕ್ಯಾಮೆರಾ ಅಥವಾ ಅದರ ಉಂಗುರ. ಬೇರೆ ಮೂಲೆಗೆ ಹೋದರೆ ಫೋಕಸರ್ ಅಥವಾ ಕನ್ನಡಿಗಳ ಹೊಂದಾಣಿಕೆ. ಕನ್ನಡಿಯ ತಿರುಪಿಗೆ ಕೈಹಾಕಬೇಕಾದದ್ದು ಈ ಹಂತದಲ್ಲಿ, ಇದಕ್ಕೆ ಮೊದಲಲ್ಲ.

ನಕ್ಷತ್ರಗಳಿವೆ, ನೀಹಾರಿಕೆ ಇಲ್ಲ

ಎಂ42 ಬರುತ್ತದೆ, ಆದರೆ ಪಕ್ಕದಲ್ಲೇ ಇರುವ ಕುದುರೆ ತಲೆ ನೀಹಾರಿಕೆ ಎಷ್ಟು ಹೊತ್ತು ತೆರೆದಿಟ್ಟರೂ ಬರುವುದಿಲ್ಲ ಎಂದು ಹೊಸಬರು ಕೇಳುತ್ತಾರೆ. ಅನಿಲ ನೀಹಾರಿಕೆಗಳ ಕೆಂಪು ಬಣ್ಣ ಬರುವುದು ಹೈಡ್ರೋಜನ್‌ನಿಂದ, 656.3 ನ್ಯಾನೋಮೀಟರ್ ಎಂಬ ಒಂದೇ ತರಂಗಾಂತರದಲ್ಲಿ. ಮಾಮೂಲಿ ಕ್ಯಾಮೆರಾಗಳಲ್ಲಿ ಮನುಷ್ಯರ ಮೈಬಣ್ಣ ಸಹಜವಾಗಿ ಬರಲೆಂದು ಸೆನ್ಸರ್ ಮುಂದೆ ಇಟ್ಟಿರುವ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ಎಂ42ರಲ್ಲಿ ಆಮ್ಲಜನಕದ ಹಸಿರುನೀಲಿ ಬೆಳಕು ಮತ್ತು ದೂಳಿನಿಂದ ಚದುರಿದ ನಕ್ಷತ್ರದ ಬೆಳಕು ಧಾರಾಳವಾಗಿರುವುದರಿಂದ ಅದು ಪಾರಾಗುತ್ತದೆ. ಕುದುರೆ ತಲೆಯ ಹಿನ್ನೆಲೆ ಹೆಚ್ಚುಕಡಿಮೆ ಪೂರ್ತಿ ಹೈಡ್ರೋಜನ್‌ನದು. ಆ ಫಿಲ್ಟರ್ ತೆಗೆಸಿದ ಕ್ಯಾಮೆರಾ ಅಥವಾ ಖಗೋಳಕ್ಕೆಂದೇ ಮಾಡಿದ ಕ್ಯಾಮೆರಾ ಬೇಕಾಗುತ್ತದೆ. ಅದು ಆಗುವವರೆಗೆ ಎಂ42, ಬೇಸಿಗೆಯಲ್ಲಿ ಧನು ರಾಶಿಯ ಎಂ8, ಇವುಗಳಲ್ಲಿ ಕೈಪಳಗಿಸಿಕೊಳ್ಳಿ.

ಊರಿನ ಬೆಳಕು ಎರಡನೆಯ ಕಾರಣ. ಚಿತ್ರದ ಹಿಸ್ಟೋಗ್ರಾಂನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ನಡುವನ್ನು ದಾಟಿ ಬಲಕ್ಕೆ ಹೋಗಿದ್ದರೆ ಆಕಾಶದ ಬೆಳಕೇ ಸೆನ್ಸರನ್ನು ತುಂಬಿದೆ. ಎಕ್ಸ್‌ಪೋಷರ್ ಕಡಿಮೆ ಮಾಡಿ, ಚಿತ್ರಗಳ ಸಂಖ್ಯೆ ಹೆಚ್ಚಿಸಿ. ಸ್ಟ್ಯಾಕ್ ಮಾಡಿದಾಗ ಚಿತ್ರದ ಹುಡಿ, ಅಂದರೆ ನಾಯ್ಸ್ ಎಂಬ ಕಾಳುಕಾಳು ಚುಕ್ಕೆಗಳು, ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ತಗ್ಗುತ್ತದೆ: 16 ಚಿತ್ರಕ್ಕೆ ನಾಲ್ಕು ಪಟ್ಟು, 64ಕ್ಕೆ ಎಂಟು ಪಟ್ಟು. ಹಳದಿ ಸೋಡಿಯಂ ದೀಪಗಳ ಕಾಲದಲ್ಲಿ ಅವುಗಳ ಕಿರಿದಾದ ಬಣ್ಣವನ್ನಷ್ಟೇ ತಡೆಯುವ ಫಿಲ್ಟರುಗಳು ಬಹಳ ನೆರವಾಗುತ್ತಿದ್ದವು. ಈಗಿನ ಬಿಳಿ ಎಲ್‌ಇಡಿ ಬೀದಿದೀಪ ಎಲ್ಲ ಬಣ್ಣಗಳಲ್ಲೂ ಬೆಳಗುತ್ತದೆ, ಹಾಗಾಗಿ ಅವು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕದ ಕಿರಿದಾದ ಎರಡು ಪಟ್ಟಿಗಳನ್ನಷ್ಟೇ ಬಿಡುವ ಫಿಲ್ಟರ್ ಕೆಲಸ ಮಾಡುತ್ತದೆ, ಆದರೆ ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬಿಗೆ ಅದನ್ನು ಹಾಕಬೇಡಿ. ಅದು ನಕ್ಷತ್ರದ ಬೆಳಕೇ ದೂಳಿನಲ್ಲಿ ಚದುರಿದ್ದು, ಫಿಲ್ಟರ್ ಅದನ್ನೂ ನುಂಗಿಹಾಕುತ್ತದೆ.

ಎಂ42ರ ಹೃದಯಭಾಗ ಬೆಳ್ಳಗೆ ಸುಟ್ಟಂತಿದ್ದರೆ ದೋಷವೇನಿಲ್ಲ. ಐದು ಸೆಕೆಂಡಿನ ಕೆಲವು ಚಿತ್ರಗಳನ್ನು ಬೇರೆಯಾಗಿ ತೆಗೆದು ನಡುವಿಗೆ ಸೇರಿಸಿ.

ವಡೆ, ಗೀರು, ಮಂಜು

ಮಸುಕಾದ ಉದ್ದಿನವಡೆಯಂಥ ಉಂಗುರಗಳು ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಕಂಡರೆ ಸೆನ್ಸರ್ ಮುಂದಿನ ಗಾಜಿನ ಮೇಲೆ ದೂಳು ಕೂತಿದೆ. ವಡೆ ಚಿಕ್ಕದಾದಷ್ಟೂ ದೂಳು ಸೆನ್ಸರಿಗೆ ಹತ್ತಿರ. ಬೆಳಿಗ್ಗೆ ಕ್ಯಾಮೆರಾ ಬಿಚ್ಚುವ ಮೊದಲು ಟ್ಯೂಬಿನ ಬಾಯಿಗೆ ಬಿಳಿ ಪಂಚೆಯನ್ನು ಸುಕ್ಕಿಲ್ಲದೆ ಬಿಗಿದು, ಫೋಕಸ್ ಮುಟ್ಟದೆ, ತಿಳಿ ಆಕಾಶದ ಕಡೆಗೆ 30 ಚಿತ್ರ ತೆಗೆದರೆ ಈ ಕಲೆಗಳನ್ನು ಕಳೆಯಲು ಬಳಸುವ ಫ್ಲಾಟ್‌ಗಳು ಸಿದ್ಧ. ಸೆನ್ಸರಿನ ಸ್ವಂತ ಹುಡಿಯನ್ನು ಕಳೆಯಲು ಬೇಕಾದ ಡಾರ್ಕ್ ಚಿತ್ರಗಳನ್ನು ಅದೇ ರಾತ್ರಿ, ಅದೇ ತಾಪಮಾನದಲ್ಲಿ ಮುಚ್ಚಳ ಹಾಕಿ ತೆಗೆಯಿರಿ. ಮೇ ತಿಂಗಳ ಡಾರ್ಕ್ ಜನವರಿಗೆ ಹೊಂದುವುದಿಲ್ಲ.

ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಮಳೆ ಬಿದ್ದಂತೆ ಓರೆ ಗೀರುಗಳು ಬಂದರೆ, ಸೆನ್ಸರಿನ ಹುಡಿ ನಿಧಾನದ ಜರುಗುವಿಕೆಯ ಜೊತೆ ಎಳೆದುಕೊಂಡು ಬಂದಿದೆ. ನಾಲ್ಕೈದು ಚಿತ್ರಗಳಿಗೊಮ್ಮೆ ದೂರದರ್ಶಕವನ್ನು ಹತ್ತಾರು ಪಿಕ್ಸೆಲ್ ಅತ್ತಿತ್ತ ಸರಿಸಿದರೆ ಅದು ಮಾಯವಾಗುತ್ತದೆ.

ಇನ್ನು ಇಬ್ಬನಿ. ನೀಹಾರ ಎಂದರೆ ಮಂಜು, ಆಕಾಶದ ನೀಹಾರಿಕೆಗೆ ನಮ್ಮ ಹಿರಿಯರು ಆ ಹೆಸರನ್ನೇ ಕೊಟ್ಟರು. ಆ ಮಂಜನ್ನು ಹಿಡಿಯಲು ಹೊರಟವರಿಗೆ ಈ ಮಂಜು ಮೊದಲ ಶತ್ರು. ರಾತ್ರಿ ಹನ್ನೊಂದರ ಮೇಲೆ ಪ್ರತಿ ನಕ್ಷತ್ರದ ಸುತ್ತಲೂ ಹಾಲಿನಂಥ ಬಳೆ ಕಟ್ಟಿಕೊಂಡು, ಚಿತ್ರದಿಂದ ಚಿತ್ರಕ್ಕೆ ಅದು ಹೆಚ್ಚುತ್ತಾ ಹೋದರೆ ಚಿಕ್ಕ ಕನ್ನಡಿಯ ಮೇಲೆ ಇಬ್ಬನಿ ಕೂತಿದೆ. ಬಳೆ ಬಂದು ಹೋಗಿ ಮಾಡುತ್ತಿದ್ದರೆ ಅದು ತೆಳುಮೋಡ. ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿ ಒಂದು ಮೊಳ ದೂರದಿಂದ ಹಿಡಿಯಿರಿ, ಅಥವಾ ಕನ್ನಡಿಯ ಹಿಂದೆ ಹೀಟರ್ ಪಟ್ಟಿ ಕಟ್ಟಿ. ಯಾವ ಕಾರಣಕ್ಕೂ ಬಟ್ಟೆಯಿಂದ ಒರೆಸಬೇಡಿ, ಲೇಪದ ಮೇಲೆ ಬಿದ್ದ ಗೀರು ಹೋಗುವುದಿಲ್ಲ. ಒದ್ದೆಯಾದ ದೂರದರ್ಶಕವನ್ನು ಒಳಗೆ ತಂದ ತಕ್ಷಣ ಮುಚ್ಚಳ ಹಾಕಬಾರದು. ಟ್ಯೂಬಿನ ಬಾಯಿಯನ್ನು ತುಸು ಕೆಳಮುಖವಾಗಿಟ್ಟು, ಫ್ಯಾನ್ ಹಾಕದೆ, ತೇವವೆಲ್ಲ ತಾನಾಗಿ ಆರುವವರೆಗೆ ಬಿಡಿ. ಆಮೇಲೆ ಒಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನಿಟ್ಟು ಮುಚ್ಚಿ. ಮಲೆನಾಡು ಮತ್ತು ಕರಾವಳಿಯವರು ಆ ಪೊಟ್ಟಣವನ್ನು ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು. ಗಾಜಿಗೆ ಒಮ್ಮೆ ಬೂಷ್ಟು ಹಿಡಿದರೆ ಅದರ ಬೇರು ಲೇಪವನ್ನೇ ತಿನ್ನುತ್ತದೆ.